ಬಾಡಿಗೆ ಹಿತ್ತಿಲಿಗೆ ಬಯಕೆ

ಮೊನ್ನೆ ಬೆಳಿಗ್ಗೆ ನಾನು ಒಂದು ಓತಿಕ್ಯಾತಕ್ಕೆ ಕೈಮುಗಿದೆ.

ಬೇಕೆಂದು ಮಾಡಿದ್ದಲ್ಲ. ಹಿಂಗಾರು ಮಳೆ ಒಂದಿಷ್ಟು ಹೊಳವಾಗಿತ್ತು. ಚನ್ನಗಿರಿಯಲ್ಲಿ ನಾನಿರುವ ಬಾಡಿಗೆ ಕೋಣೆಯ ಹಿಂದೆ ಬೇವಿನಕಡ್ಡಿ ಕಚ್ಚಿಕೊಂಡು ನಿಂತಿದ್ದೆ. ಬೇಲಿಯ ಕಳ್ಳಿಯ ಮೇಲೆ ಅದು ಬಂದು ಕೂತಿತು. ಮುಂಗಾಲು ಊರಿ, ನನ್ನನ್ನೇ ನೋಡುತ್ತಾ, ತಲೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸಿತು. ಬಾಯಲ್ಲಿ ಕಡ್ಡಿ ಇದ್ದ ಹಾಗೆಯೇ ನನ್ನ ಕೈಗಳೆರಡೂ ಕೂಡಿಕೊಂಡವು. ‘ಬರ್ರಿ ಚಿಗಪ್ಪ’ ಎಂದು ಬಾಯಿಯೂ ಅಂದಿರಬೇಕು. ಯಾಕೆಂದರೆ ಪಕ್ಕದ ಮನೆಯ ನಿಂಗಮ್ಮ ಕೊಡ ಕೆಳಗಿಟ್ಟು, “ಯಾರ ಸಂಗಡ ಮಾತು ಮೇಷ್ಟ್ರೇ?” ಎಂದು ಕೇಳಿದರು.

“ನಮ್ಮ ಚಿಕ್ಕಪ್ಪನ ಸಂಗಡ,” ಎಂದೆ.

ನಿಂಗಮ್ಮ ಬೇಲಿಯನ್ನು ನೋಡಿದರು, ನನ್ನನ್ನು ನೋಡಿದರು, ಕೊಡ ಎತ್ತಿಕೊಂಡು ಒಳಗೆ ಹೋದರು. ಆಮೇಲೆ ಅವರ ಮಕ್ಕಳು ನನ್ನ ಹತ್ತಿರ ಲೆಕ್ಕ ಹೇಳಿಸಿಕೊಳ್ಳಲು ಬಂದಿಲ್ಲ.

ನಿಮಗಾದರೂ ವಿವರಿಸಬೇಕು. ಆದರೆ ವಿವರಿಸಲು ಹೊರಟರೆ ಮೊದಲ ಹೆಜ್ಜೆಯೇ ಕೆಸರಿನಲ್ಲಿ ಹೂತುಕೊಳ್ಳುತ್ತದೆ. ನಮ್ಮಪ್ಪ ಸರ್ವೆ ಇಲಾಖೆಯಲ್ಲಿದ್ದರು. ಊರವರ ಭೂಮಿಯನ್ನೆಲ್ಲ ಸರಪಳಿ ಹಿಡಿದು ಅಳೆಯುವುದು ಅವರ ಕೆಲಸ. ನಮಗೆ ಸ್ವಂತಕ್ಕೆ ಅಂಗೈಯಗಲ ನೆಲ ಇರಲಿಲ್ಲ. ಸರ್ಕಾರ ಅವರನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ತಿರುಗಿಸಿತು. ಅವರ ಹಿಂದೆ ನಾವು, ನಮ್ಮ ಹಿಂದೆ ಪಾತ್ರೆಯ ಮೂಟೆ. ಪ್ರತಿ ಊರಿನಲ್ಲೂ ಒಂದು ಬಾಡಿಗೆ ಮನೆ, ಮನೆಗೊಂದು ಹಿತ್ತಿಲು. ಆದರೆ ಈಗ ನನ್ನ ತಲೆಯಲ್ಲಿ ಉಳಿದಿರುವುದು ಒಂದೇ ಹಿತ್ತಿಲು. ಅದರ ಬಾವಿ ಚನ್ನಗಿರಿಯದು, ಬೇಲಿ ಹೊನ್ನಾಳಿಯದು, ಬಚ್ಚಲ ಕಲ್ಲು ಎಲ್ಲಿಯದೋ ದೇವರಿಗೇ ಗೊತ್ತು.

ಸಂತೇಬೆನ್ನೂರಿಗೆ ಕೊಟ್ಟಿರುವ ನಮ್ಮ ಶಾರದಕ್ಕನನ್ನು ಕೇಳಿದೆ. ಅವಳಿಗೆ ನನ್ನ ಹಾಗೆ ಅನುಮಾನಗಳಿಲ್ಲ.

“ನ್ಯಾಮತಿ ಕಣೋ ಅದು. ಅಲ್ಲಿ ಬಾವಿ ಎಲ್ಲಿತ್ತು? ಬೀದಿ ಬಾವಿಯಿಂದ ಹೊತ್ತು ಹೊತ್ತು ನನ್ನ ಸೊಂಟ ಬಿದ್ದೋಗಿತ್ತು. ನಿನಗೇನು ಗೊತ್ತು, ಕೂತು ಉಂಡೋನಿಗೆ?”

ಸರಿ, ನ್ಯಾಮತಿ. ಬಾವಿಯನ್ನು ಚಿತ್ರದಿಂದ ತೆಗೆದುಹಾಕಲು ಪ್ರಯತ್ನಿಸಿದೆ. ತೆಗೆದರೆ ಚಿಗವ್ವನಿಗೆ ಕೂರಲು ಜಾಗ ಇಲ್ಲದಂತಾಗುತ್ತದೆ. ಆದ್ದರಿಂದ ಬಾವಿಕಟ್ಟೆ ಇರಲಿ. ನೀವು ನಂಬಬೇಡಿ, ಅಷ್ಟೆ.

ಚಿಗವ್ವ ಅಂದರೆ ನಮ್ಮವ್ವನ ತಂಗಿ ಗಿರಿಜವ್ವ. ಜಗಳೂರು ಸೀಮೆಯ ಸೊಕ್ಕೆಗೆ ಕೊಟ್ಟಿತ್ತು. ಯುಗಾದಿ ಮುಗಿದ ಮೇಲೆ ಒಂದು ದಿನ ಗಂಡ ಕೊಟ್ರಪ್ಪ ಅವಳನ್ನೂ ಅವಳ ಟ್ರಂಕನ್ನೂ ತಂದು ನಮ್ಮ ಬಾಗಿಲಲ್ಲಿ ಬಿಟ್ಟು, ಒಳಗೆ ನೀರು ಕೂಡ ಕುಡಿಯದೆ ಅದೇ ಬಸ್ಸಿಗೆ ವಾಪಸು ಹೋದನಂತೆ. ನಾನು ಆಗ ಸ್ಕೂಲಿನಲ್ಲಿದ್ದೆ, ಅವನ ಮುಖ ನೋಡಲಿಲ್ಲ. ಚಿಗವ್ವನಿಗೆ ಮಕ್ಕಳಾಗಿರಲಿಲ್ಲ. ತವರಿನಲ್ಲಿ ಯಾರೂ ಉಳಿದಿರಲಿಲ್ಲ, ಅಕ್ಕನ ಮನೆಯೇ ತವರು. “ಮಳೆಗಾಲ ಕಳೀಲಿ, ಬಂದು ಕರ್ಕೊಂಡು ಹೋಗ್ತಾರೆ,” ಎಂದು ಅವ್ವ ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು. ಹೇಳುವಾಗ ಅವರ ಮುಖ ನೋಡುತ್ತಿರಲಿಲ್ಲ.

ಅಂದರೆ ಮಳೆ ಬರುವಷ್ಟು ದಿನ ಚಿಗವ್ವ ನಮ್ಮವಳು. ಮಳೆ ನಿಂತು, ಹಳ್ಳ ಇಳಿದು, ಬಸ್ಸು ಓಡಾಡಲು ಶುರುವಾದರೆ ಅವಳು ಸೊಕ್ಕೆಯವಳು. ಅಷ್ಟು ನನಗೂ ಅರ್ಥವಾಗಿತ್ತು. ಅರ್ಥವಾಗದೆ ಇದ್ದದ್ದು ಅವಳಿಗೆ ಹೋಗಬೇಕೆಂದು ಇತ್ತೋ ಇಲ್ಲವೋ ಎಂಬುದು. ಈಗಲೂ ಪೂರ್ತಿ ಅರ್ಥವಾಗಿದೆಯೆಂದು ಹೇಳಲಾರೆ.

ಮಳೆ ಹಿಡಿದರೆ ಅವಳು ಕಂಬಳಿಯನ್ನು ಕೊಪ್ಪೆ ಮಡಿಸಿ ತಲೆಯ ಮೇಲೆ ಹಾಕಿಕೊಂಡು ಹಿತ್ತಿಲಿಗೆ ಹೋಗಿ ಕೂರುತ್ತಿದ್ದಳು. ಬೇರೆಯವರು ಮಳೆ ಬಂದರೆ ಒಳಗೆ ಬರುತ್ತಾರೆ, ಇವಳು ಹೊರಗೆ ಹೋಗುತ್ತಿದ್ದಳು. ಶಾರದಕ್ಕನೂ ನಾನೂ ಅವಳ ಕಂಬಳಿಯ ಎರಡು ಪಕ್ಕಕ್ಕೆ ತೂರಿಕೊಳ್ಳುತ್ತಿದ್ದೆವು. ಒದ್ದೆ ಕಂಬಳಿಯ ಕುರಿವಾಸನೆ, ಒಳಗೆ ಬೆಚ್ಚಗೆ, ಹೊರಗೆ ಹೀರೆಬಳ್ಳಿಯ ಎಲೆಗಳ ಮೇಲೆ ಪಟಪಟ. ಸಂಜೆಯ ಹೊತ್ತಿಗೆ ಹೀರೆಯ ಹಳದಿ ಹೂಗಳು ಮಳೆಯಲ್ಲೇ ಅರಳುತ್ತಿದ್ದವು. ಒಂದು ಸೂರಕ್ಕಿ ಅವರೆಚಪ್ಪರದ ಕೆಳಗೆ ನೇತುಬಿದ್ದು ರೆಕ್ಕೆ ಒದರಿಕೊಳ್ಳುತ್ತಿತ್ತು. ಜೇಡನ ಬಲೆಯೊಂದು ಹನಿಗಳ ಭಾರಕ್ಕೆ ಜೋಲುತ್ತಿತ್ತು, ಜೇಡ ಮಾತ್ರ ಎಲೆಯ ಅಡಿಗೆ ಹೋಗಿ ಕಾಲು ಮಡಚಿ ಕೂತಿರುತ್ತಿತ್ತು. ಕೆಂಪು ಮಖಮಲ್ಲಿನಂಥ ಸಣ್ಣ ಹುಳುಗಳು ಮಣ್ಣಿನ ಮೇಲೆ ಹರಿದಾಡಿದ್ದೂ ಕಣ್ಣಿಗೆ ಕಟ್ಟಿದೆ. ಆದರೆ ಅವು ಮುಂಗಾರಿನ ಮೊದಲ ಮಳೆಗೆ ಬರುವ ಹುಳುಗಳು. ಆಶ್ವೀಜದ ಮಳೆಗೆ ಹೇಗೆ ಬಂದವು? ನನ್ನ ನೆನಪು ಹೀಗೆ ಯಾವುದೋ ಮಳೆಯ ಹುಳುವನ್ನು ಯಾವುದೋ ಮಳೆಗೆ ಬಿಡುತ್ತದೆ.

ಚಿಗವ್ವ ಹಿತ್ತಿಲಿನ ಜೀವಿಗಳಿಗೆಲ್ಲ ಸೊಕ್ಕೆಯ ಮನೆಯವರ ಸಂಬಂಧ ಕಟ್ಟಿದ್ದಳು.

ಬಚ್ಚಲ ಕಲ್ಲಿನ ಕೆಳಗಿನ ದೊಡ್ಡ ಕಪ್ಪೆ ಹೊರಬಂದರೆ, “ಅಗೋ, ನಮ್ಮ ಮಾವ ಬಂದ್ರು. ನೋಡು, ಊಟಕ್ಕೆ ಕರೆಯೋ ತನಕ ಹಿಂಗೇ ಕೂತಿರ್ತಾರೆ. ಮಾತಿಲ್ಲ ಕತೆಯಿಲ್ಲ, ಗಂಟಲು ಮಾತ್ರ ಆಡ್ತೈತೆ,” ಎನ್ನುತ್ತಿದ್ದಳು.

ಮಳೆ ಬಿಟ್ಟ ಕೂಡಲೇ ಕಂದು ಬಣ್ಣದ ಹರಟೆಮಲ್ಲ ಹಕ್ಕಿಗಳು ಗುಂಪಾಗಿ ಇಳಿದು ತರಗೆಲೆ ಕೆದಕುತ್ತಿದ್ದವು. ಅವು ಅವಳ ನಾದಿನಿಯರು. “ಏನ್ ಬಿದ್ದೈತೆ ಅಂತ ಕೆದಕಾಕೆ ಬಂದ್ರು. ಒಬ್ಬಳು ಕೂಗಿದ್ರೆ ಸಾಕು, ಉಳಿದೋರೂ ಕೂಗ್ತಾರೆ. ಯಾಕಂತ ಅವರಿಗೂ ಗೊತ್ತಿಲ್ಲ.”

ಬೇಲಿಯ ಒಳಗಿಂದ ಕೆಂಬೂತ ‘ಹೂಪ್ ಹೂಪ್’ ಎಂದು ಕೂಗುತ್ತಿತ್ತು. ಕಣ್ಣಿಗೆ ಕಾಣದು. ಕಂಡರೆ ಕೆಂಪು ಕಣ್ಣು, ಕಂದು ಸೆರಗು, ಯಾರದೋ ಗೂಡಿನ ಕಡೆ ನಡಿಗೆ. ಚಿಗವ್ವ ದನಿ ಇಳಿಸಿ, “ಅತ್ತಿ ಒಳಗದಾರೆ. ಸುಮ್ನಿರ್ರಿ,” ಎನ್ನುತ್ತಿದ್ದಳು. ನಾವು ನಿಜವಾಗಿಯೂ ಉಸಿರು ಹಿಡಿಯುತ್ತಿದ್ದೆವು.

ಓತಿಕ್ಯಾತ ಮಾತ್ರ ಬಿಸಿಲು ಬಿದ್ದಾಗ ಬೇಲಿಗೂಟದ ಮೇಲೆ ಬಂದು ಕೂತು, ಕೆಂಪು ಗಂಟಲು ಉಬ್ಬಿಸಿ ತಲೆ ಆಡಿಸುತ್ತಿತ್ತು. “ಇವರು ನಮ್ಮ ಮನೆಯೋರು. ಅವರವ್ವ ಏನಂದ್ರೂ ಹೂಂ. ಏಳು ಅಂದ್ರೆ ಹೂಂ, ಕೂರು ಅಂದ್ರೆ ಹೂಂ. ಹೆಂಡ್ತಿನ ಅವಳಕ್ಕನ ಮನೆಗೆ ಬಿಟ್ಟು ಬಾ ಅಂದ್ರೂ ಹೂಂ.”

ಒಂದು ಸಲ ನಾನು ಅದಕ್ಕೆ ಕಲ್ಲು ಎತ್ತಿದೆ. ಓತಿಕ್ಯಾತ ಕಂಡರೆ ಕಲ್ಲು ಎತ್ತದ ಹುಡುಗ ನಮ್ಮ ಕಡೆ ಇಲ್ಲ. ಚಿಗವ್ವ ನನ್ನ ಮುಂಗೈ ಹಿಡಿದುಕೊಂಡಳು. ಬಳೆ ಒತ್ತಿ ನೋವಾಯಿತು.

“ಹೊಡೀಬ್ಯಾಡ. ಕೆಟ್ಟೋರಲ್ಲ ಅವರು.”

“ಮತ್ತೆ ನೀನ್ಯಾವುದು ಚಿಗವ್ವಾ, ಇದರಾಗೆ?”

“ನಾನ್ಯಾವುದೂ ಅಲ್ಲ. ನೋಡಾಕೂ ಒಬ್ರು ಬೇಕಲ್ಲೋ.”

ಹೀಗೆ ಮಳೆಗಾಲವಿಡೀ ನಾನು ಸೊಕ್ಕೆಯ ನೆಂಟರನ್ನೆಲ್ಲ ಕಂಡುಬಿಟ್ಟಿದ್ದೆ. ಅವರು ಮನುಷ್ಯರೂ ಆಗಿರಬಹುದು ಎಂಬ ಯೋಚನೆ ಬರುತ್ತಿತ್ತು, ನಿಲ್ಲುತ್ತಿರಲಿಲ್ಲ.

ಈಗ ಹುಣ್ಣಿಮೆಗೆ ಬರಬೇಕು. ಹೊನ್ನಾಳಿ, ನ್ಯಾಮತಿಯ ಕಡೆ ಹೊಲಗದ್ದೆ ಇರುವವರು ಆಶ್ವೀಜದಲ್ಲಿ ಭೂಮಿ ಹುಣ್ಣಿಮೆ ಮಾಡುತ್ತಾರೆ. ಪೈರು ತೆನೆ ಕಟ್ಟುವ ಕಾಲ, ಭೂಮಿ ಬಸುರಿ ಎಂದು ಲೆಕ್ಕ. ಬಸುರಿ ಹೆಂಗಸಿಗೆ ಮಾಡಿದ ಹಾಗೆಯೇ ಅವಳಿಗೂ ಹಸಿರು ಸೀರೆ, ಹಸಿರು ಬಳೆ ಇಟ್ಟು ಬಯಕೆಯ ಅಡಿಗೆ ಬಡಿಸಬೇಕು. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದ ದೊಡ್ಡ ಬುಟ್ಟಿಯಲ್ಲಿ ಅಡಿಗೆ ತುಂಬಿ, ಬೆಳಗಿನ ಜಾವ ಗಂಡಸು ಅದನ್ನು ತಲೆಯ ಮೇಲೆ ಹೊತ್ತು ಹೊಲಕ್ಕೆ ಹೋಗಬೇಕು. ಆ ಬುಟ್ಟಿಗೆ ಭೂಮಣ್ಣಿ ಬುಟ್ಟಿ ಎನ್ನುತ್ತಾರೆ. ನಾನಾ ಸೊಪ್ಪು ಬೇಯಿಸಿ ಅನ್ನದಲ್ಲಿ ಕಲಸಿ ಹೊಲದ ತುಂಬ ಚೆಲ್ಲಬೇಕು.

ಇವೆಲ್ಲ ಭೂಮಿ ಇರುವವರಿಗೆ. ನಮ್ಮವ್ವ ಬೇಸಾಯದ ಮನೆಯಲ್ಲಿ ಹುಟ್ಟಿದವಳು, ಬಿಡಲಾರಳು. ಬಾಡಿಗೆ ಮನೆಯ ಹಿತ್ತಿಲಿಗೇ ಬಯಕೆ ಮಾಡುತ್ತಿದ್ದಳು. ನಾಲ್ಕು ಬಳ್ಳಿ ಹೀರೆ, ಒಂದು ಚಪ್ಪರ ಅವರೆ, ಒಂದಿಷ್ಟು ಹುಚ್ಚೆಳ್ಳು, ಸೇವಂತಿಗೆಯ ಮೊಗ್ಗು. ಅಪ್ಪ ನಗುತ್ತಿದ್ದರು. “ಇದು ಗುಂಟೆ ಲೆಕ್ಕಕ್ಕೂ ಬರಾಕಿಲ್ಲ ಕಣೆ. ನಾನೇ ಅಳದೀನಿ.”

“ಅಳೆಯೋದು ನಿಮ್ಮ ಕೆಲಸ. ಉಣ್ಣಿಸೋದು ನನ್ನ ಕೆಲಸ. ನಿಮ್ಮ ಸರಪಳಿ ತಗಂಡು ಆಕಡೆ ಹೋಗ್ರಿ.”

ಆ ವರ್ಷ ಅಪ್ಪ ನಿಜವಾಗಿಯೂ ಆಕಡೆ ಹೋಗಿದ್ದರು, ಕತ್ತಲಗೆರೆ ಕಡೆ ಕ್ಯಾಂಪು. ಮಳೆಯೋ ಬಿಡುವ ಲಕ್ಷಣ ತೋರಿಸಲಿಲ್ಲ. ಹುಣ್ಣಿಮೆಯ ಹಿಂದಿನ ದಿನ ಮಳೆಯಲ್ಲೇ ಸೊಪ್ಪು ಕೊಯ್ಯಲು ಚಿಗವ್ವನ ಹಿಂದೆ ಹೊರಟೆವು. ಕೊಯ್ಯುವುದಕ್ಕಿಂತ ಬಿಡುವುದೇ ಹೆಚ್ಚು. “ಆ ಎಲೆ ಬ್ಯಾಡ, ಕೆಳಗೆ ಮೊಟ್ಟೆ ಅವೆ. ಆ ಕುಡಿ ಬ್ಯಾಡ, ಟುವ್ವಿಹಕ್ಕಿ ಎಲೆ ಸೇರಿಸಿ ಗೂಡು ಹೊಲದೈತೆ. ಇದರಾಗೆ ಬಸವನಹುಳು ಮಲಗೈತೆ, ಎದ್ದ ಮ್ಯಾಲೆ ಕೊಯ್ಯಾಣ.” ಅವ್ವ ಹಿಂಬಾಗಿಲಲ್ಲಿ ನಿಂತು ಕೂಗಿದಳು: “ಸೊಪ್ಪು ತಾರೆ ಅಂದ್ರೆ ಯೋಗಕ್ಷೇಮ ವಿಚಾರಿಸ್ತಾ ನಿಂತಾಳೆ! ಒಲೆ ಮ್ಯಾಲೆ ನೀರು ಕುದಿಯಾಕತ್ತೈತೆ!”

ಮಧ್ಯಾಹ್ನ ಹಿಂಬದಿಯ ಜಗುಲಿಯ ಮೇಲೆ ಅವ್ವ ಎಲ್ಲ ಸಿದ್ಧಮಾಡಿ ಇಟ್ಟಳು. ಒಂದು ಮಣೆ, ಮಣೆಯ ಮೇಲೆ ಹಸಿರು ಸೀರೆ, ಹಸಿರು ರವಿಕೆಕಣ, ಹಸಿರು ಬಳೆ, ಅರಿಸಿನ ಕುಂಕುಮ, ಒಂದು ದಂಡೆ ಹೂ. ಪಕ್ಕದಲ್ಲಿ ಗೋಡೆಗೆ ಒರಗಿ, ಚಳಿಗೆ ಕಂಬಳಿ ಹೊದ್ದು, ಚಿಗವ್ವ ಕೂತಿದ್ದಳು. ಚಿತ್ತಾರ ಬರೆದು ಮುಗಿಸಿದ ಬುಟ್ಟಿಯನ್ನು ಬೋರಲು ಹಾಕಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಎರಚಲು ಬಿದ್ದು ಹಿಟ್ಟಿನ ಗೆರೆ ಅಳಿಸಬಾರದೆಂದು ಅದರ ಮೇಲೂ ಕಂಬಳಿ ಎಳೆದಿದ್ದಳು.

ಆಗ ಬೇಲಿಯ ಸಂದಿಯಿಂದ ಒಬ್ಬ ಗಂಡಸು ಒಳಗೆ ಬಂದ. ಮೊಣಕಾಲಿನವರೆಗೆ ಕೆಸರು, ಕೈಯಲ್ಲಿ ಮೆಟ್ಟು. ಮುಂಬಾಗಿಲು ತಟ್ಟಿದ್ದನಂತೆ, ಮಳೆಯ ಸದ್ದಿಗೆ ಯಾರಿಗೂ ಕೇಳಿಸಿರಲಿಲ್ಲ. ಬಸ್ಸು ಹಳ್ಳದ ಆಚೆಯೇ ನಿಂತಿತ್ತು, ಅಲ್ಲಿಂದ ನಡೆದು ಬಂದಿದ್ದ. ನಾವು ಮಳೆ ನಿಂತ ಮೇಲೆ ಬರುವವನೆಂದು ಕಾದರೆ ಅವನು ಮಳೆಯಲ್ಲೇ ಬಂದುಬಿಟ್ಟಿದ್ದ.

ಅವ್ವ ಸೆರಗು ಎಳೆದುಕೊಂಡು, “ಅಯ್ಯೋ, ಕೊಟ್ರಪ್ಪಾರೆ! ಬರ್ರಿ ಬರ್ರಿ,” ಎಂದಳು. ಕೊಟ್ರಪ್ಪ! ನಾನು ಅವನ ಗಂಟಲನ್ನೇ ನೋಡಿದೆ. ಕೆಂಪಗಿರಲಿಲ್ಲ. ಉಳಿದಂತೆ ಎತ್ತರ, ತೆಳ್ಳಗೆ, ಒದ್ದೆ ಮೀಸೆ. ಸ್ವಲ್ಪ ನಿರಾಸೆಯಾಯಿತು.

ಅವನು ಬರಲಿಲ್ಲ. ಮಳೆಯಲ್ಲೇ ನಿಂತ. ಮಣೆ ನೋಡಿದ, ಹಸಿರು ಸೀರೆ ನೋಡಿದ, ಬಳೆ ನೋಡಿದ. ಗೋಡೆಗೆ ಒರಗಿ, ಕಂಬಳಿಯೊಳಗೆ ಗುಂಡಗಾಗಿ ಕೂತಿದ್ದ ಹೆಂಡತಿಯನ್ನು ನೋಡಿದ. ಬೆರಳು ಮಡಚುತ್ತಿದ್ದನೆಂದು ಶಾರದಕ್ಕ ಈಗಲೂ ಆಣೆ ಇಡುತ್ತಾಳೆ. ಯುಗಾದಿಯಿಂದ ಇಲ್ಲಿಯವರೆಗೆ ಎಣಿಸಿದರೆ, ಪಾಪ, ಎಣಿಕೆ ಸರಿಯಾಗಿಯೇ ಕೂಡುತ್ತಿತ್ತು. ಸೊಕ್ಕೆಯಲ್ಲಿಯೂ ಈ ಹುಣ್ಣಿಮೆ ಉಂಟು, ಚರಗ ಎಂದು ಹೊಲದಲ್ಲಿ ಅನ್ನ ಚೆಲ್ಲುತ್ತಾರೆ. ಆದರೆ ಅಂಗೈಯಗಲ ಭೂಮಿಯಿಲ್ಲದ ಸರ್ವೆಯವರ ಮನೆಯಲ್ಲಿ ಭೂಮಿಗೆ ಬಯಕೆ ಮಾಡುತ್ತಾರೆಂದು ಎಕರೆಗಟ್ಟಲೆ ಎರೆಹೊಲ ಇರುವ ಮನುಷ್ಯನಿಗೆ ಹೇಗೆ ಹೊಳೆಯಬೇಕು?

“ಅಕ್ಕಾರೆ,” ಎಂದ. “ನನಗೊಂದು ಮಾತು ಹೇಳಿ ಕಳಿಸಬಾರದಿತ್ತಾ?”

ಅವ್ವನಿಗೆ ಏನೂ ತಿಳಿಯಲಿಲ್ಲ. “ಇದಕ್ಕೇನ್ ಹೇಳಿ ಕಳಿಸೋದ್ರಿ? ಪ್ರತಿ ವರ್ಷ ಮಾಡೋದೇ ಅಲ್ಲೇನು?”

ಅವನು ಜಗುಲಿಗೆ ಬಂದು, ಚಿಗವ್ವನಿಂದ ಸ್ವಲ್ಪ ದೂರದಲ್ಲಿ ಕುಕ್ಕರುಗಾಲಿನಲ್ಲಿ ಕೂತ. “ನೆಲದ ಮ್ಯಾಲೆ ಕೂರಬ್ಯಾಡ. ಥಂಡಿ ಐತೆ,” ಎಂದ. ತನ್ನ ತಲೆವಸ್ತ್ರ ಬಿಚ್ಚಿ ಹಿಂಡಿ, ಅವಳ ಪಾದದ ಹತ್ತಿರ ನಿಂತಿದ್ದ ನೀರನ್ನು ಒರೆಸಿದ. ನಮ್ಮ ಮನೆಯಲ್ಲಿ ಗಂಡಸು ನೆಲ ಒರೆಸಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಇನ್ನೂ ಮೆಲ್ಲಗೆ ಅಂದ: “ನಾನು ಬ್ಯಾರೆ ಮಾತಾಡಾಕೆ ಬಂದಿದ್ದೆ. ಈಗ ಅದು ಬ್ಯಾಡ. ಆ ಮಾತೇ ಬ್ಯಾಡ.”

ಚಿಗವ್ವನಿಗೆ ಆಗ ತಿಳಿಯಿತು. ತಿಳಿದ ಮೇಲೂ ಅವಳು ಅಲ್ಲಾಡಲಿಲ್ಲ. ಎಷ್ಟು ಹೊತ್ತು ಎಂದು ಕೇಳಬೇಡಿ. ಆ ಹೊತ್ತನ್ನು ನಾನು ದೊಡ್ಡವನಾದ ಮೇಲೆ ಎಳೆದು ಎಳೆದು ಉದ್ದ ಮಾಡಿರಬಹುದು. ಅವಳು ಹಾಗೆಯೇ ಕೂತಿದ್ದರೆ ಒಂದು ರಾತ್ರಿಯಾದರೂ ಆ ಗೌರವದಲ್ಲಿ ಇರಬಹುದಿತ್ತು. ಅವನ ಮುಖದಲ್ಲಿ ಅಂಥ ಬೆಳಕು ಅವಳು ಮದುವೆಯಾದ ಮೇಲೆ ಕಂಡಿರಲಿಲ್ಲವೇನೋ. ಹೀರೆ ಎಲೆಗಳ ಮೇಲೆ ಮಳೆ ಬೀಳುತ್ತಲೇ ಇತ್ತು.

ಅವಳು ಕಂಬಳಿ ಸರಿಸಿದಳು. ಬುಟ್ಟಿಯನ್ನು ಎರಡೂ ಕೈಯಿಂದ ಎತ್ತಿ ಅವನ ಮುಂದೆ ಇಟ್ಟಳು.

“ಇದು ಬುಟ್ಟಿ ರೀ.”

ಅವನು ಬುಟ್ಟಿಯನ್ನು ನೋಡಿದ. ಬಹಳ ಚೆನ್ನಾಗಿ ಬರೆದ ಬುಟ್ಟಿ.

“ಮತ್ತೆ ಈ ಬಯಕಿ ಯಾರಿಗೆ?”

“ಭೂಮಿಗೆ.”

“ನಿಮಗೆಲ್ಲೈತೆ ಭೂಮಿ?”

ಚಿಗವ್ವ ಗಲ್ಲದಿಂದಲೇ ಹಿತ್ತಿಲನ್ನು ತೋರಿಸಿದಳು. ಅವನು ತಿರುಗಿ ನೋಡಿದ. ನಾಲ್ಕು ಬಳ್ಳಿ ಹೀರೆ, ಒಂದು ಚಪ್ಪರ ಅವರೆ. ಬಚ್ಚಲ ಕಲ್ಲಿನ ಕೆಳಗಿಂದ ಅವನ ಅಪ್ಪ ಹೊರಬಂದು ಗಂಟಲು ಆಡಿಸುತ್ತಾ ಕೂತಿದ್ದ. ನಾನು ಕಿಸಕ್ಕೆಂದೆ. ಶಾರದಕ್ಕ ನನ್ನ ತೊಡೆ ಚಿವುಟಿದಳು.

“ಏನ್ ಮಾತಾಡಾಕೆ ಬಂದಿದ್ರಿ? ಮಾತಾಡ್ರಿ,” ಎಂದಳು ಚಿಗವ್ವ.

“ಅವ್ವ ಒಂದು ಹೆಣ್ಣು ನೋಡ್ಯಾಳೆ.”

“ನೀವು ನೋಡಿದ್ರಾ?”

ಅವನು ತಲೆ ಆಡಿಸಿದ. ಮೇಲಕ್ಕೆ, ಕೆಳಕ್ಕೆ. ನನಗೆ ಈ ಸಲ ನಗು ಬರಲಿಲ್ಲ, ಹೆದರಿಕೆಯಾಯಿತು.

“ನೀನು ಒಪ್ಪಿದ್ರೆ ಮಾತ್ರ ಅಂದೀನಿ ಹಿರೇರಿಗೆ. ನೀನೂ ಬಾ. ಇಬ್ರೂ ಇರ್ರಿ. ನಿನಗೇನೂ ಕಮ್ಮಿ ಮಾಡಾಕಿಲ್ಲ.”

ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಚಿಗವ್ವ ಎದ್ದು ಸೀರೆ ಕೊಡವಿದಳು. “ನಾಳೆ ಹೇಳ್ತೀನಿ. ಈಗ ಕಡುಬು ಬೇಯಬೇಕು. ಕಾಲು ತೊಳಕೊಳ್ರಿ.”

ಬೆಳಗಿನ ಜಾವಕ್ಕೆ ಇನ್ನೊಂದು ಪೇಚಾಟ. ಬುಟ್ಟಿ ಹೊರಲು ಗಂಡಸು ಬೇಕು. ಅಪ್ಪ ಕ್ಯಾಂಪಿನಲ್ಲಿ. ನಾನು ಹೊರುತ್ತೇನೆಂದು ಮುಂದೆ ಬಂದೆ, ಬುಟ್ಟಿಯೊಳಗೆ ಕೂರುವಷ್ಟಿದ್ದೆ. ಅವ್ವ ತುಸು ಹೊತ್ತು ಹಿಂದುಮುಂದು ನೋಡಿ, “ಕೊಟ್ರಪ್ಪಾರೆ, ನೀವೇ ಕೈ ಹಚ್ಚಬೇಕು,” ಎಂದಳು. ಅವನು ಸಿಂಬಿ ಸುತ್ತಿ ತಲೆಯ ಮೇಲೆ ಇಟ್ಟುಕೊಂಡ.

ಬೇಸಾಯಗಾರನ ನಡಿಗೆ ಅದು, ಬುಟ್ಟಿ ಹೊತ್ತು ದೂರದ ಹೊಲಕ್ಕೆ ಹೋಗುವವನ ನಡಿಗೆ. ಜಿನುಗುಮಳೆಯಲ್ಲಿ ಜಗುಲಿ ಇಳಿದು ಗಂಭೀರವಾಗಿ ಹೊರಟ. ಹೊರಟ ಕೂಡಲೇ ಬೇಲಿ ಬಂತು. ನಿಂತ.

“ಮುಗೀತಾ?”

“ಇನ್ನೊಂದು ಸುತ್ತು ಹಾಕ್ರಿ,” ಎಂದಳು ಅವ್ವ, ಲಾಟೀನು ಎತ್ತಿ ಹಿಡಿದು.

ಅವನು ಸುತ್ತಿದ. ಹಿಂದೆ ಚಿಗವ್ವ ಸೊಪ್ಪನ್ನ ಚೆಲ್ಲುತ್ತಾ, “ಉಣ್ಣವ್ವ ತಾಯಿ, ಹೊಟ್ಟಿ ತುಂಬ ಉಣ್ಣು,” ಎನ್ನುತ್ತಾ ನಡೆದಳು. ಅವಳ ಹಿಂದೆ ನಾವು. ಒಂದು ಸುತ್ತಿನಲ್ಲಿ ಅವನು ಚಪ್ಪರದ ಗಳುವಿಗೆ ಬುಟ್ಟಿ ತಗುಲಿಸಿದ, ಅವರೆ ಹೂಗಳ ನೀರೆಲ್ಲ ಅವನ ಕುತ್ತಿಗೆಯೊಳಗೆ ಇಳಿಯಿತು. ಚಿಗವ್ವ ನಕ್ಕಳು. ಅವನೂ ನಕ್ಕ. ಇದು ನಿಜ, ಶಾರದಕ್ಕನೂ ಒಪ್ಪುತ್ತಾಳೆ. ಗಂಡಹೆಂಡಿರು ಒಟ್ಟಿಗೆ ನಕ್ಕದ್ದನ್ನು ನಾವು ಕೇಳಿದ್ದು ಅದೊಂದೇ ಸಲ.

ಎಡೆಯ ಒಂದು ಪಾಲನ್ನು ನೆಲದಲ್ಲಿ ಹೂತೆವು. ಇನ್ನೊಂದನ್ನು ಕಾಗೆಗೆಂದು ಬಾಳೆಲೆಯಲ್ಲಿ ಬೇಲಿಯ ಹತ್ತಿರ ಇಟ್ಟೆವು. ಬೆಳಕು ಹರಿಯಿತು. ಕಾಗೆಗಳು ಬರಲಿಲ್ಲ, ಮಳೆಗೆ ಎಲ್ಲೋ ಮುದುಡಿ ಕೂತಿದ್ದವು. ಎಲ್ಲರೂ ಜಗುಲಿಯಲ್ಲಿ ಕಾದೆವು. ಬೇಲಿಯ ಬುಡದಲ್ಲಿ ಏನೋ ಅಲ್ಲಾಡಿತು. ಕಂದು ಸೆರಗು, ಕೆಂಪು ಕಣ್ಣು. ಗತ್ತಿನಿಂದ ನಡೆದು ಬಂದು ಎಡೆಗೆ ಕೊಕ್ಕು ಹಾಕಿತು.

ನಾನು ಕೂಗಿಬಿಟ್ಟೆ: “ಚಿಗವ್ವಾ, ನಿಮ್ಮತ್ತಿ ಬಂದ್ಲು!”

ಕೊಟ್ರಪ್ಪ ಧಡಕ್ಕನೆ ಎದ್ದು ನಿಂತ. ತಲೆವಸ್ತ್ರ ಸರಿಮಾಡಿಕೊಂಡ. ಬೇಲಿಯ ಸಂದಿಯ ಕಡೆ ನೋಡಿದ, ಮುಂಬಾಗಿಲ ಕಡೆ ನೋಡಿದ. “ಅವ್ವ? ಎಲ್ಲಿ?”

ಶಾರದಕ್ಕ ಬೆರಳು ಚಾಚಿ ಕೆಂಬೂತವನ್ನು ತೋರಿಸಿದಳು. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕೂತ. ಕೂತ ಮೇಲೆ ಹೆಂಡತಿಯ ಕಡೆ ತಿರುಗಿ ಕೇಳಿದ: “ಮತ್ತೆ ನಾನ್ಯಾವುದು?”

ನನಗೆ ಉತ್ತರ ಗೊತ್ತಿತ್ತು. ಶಾರದಕ್ಕ ನನ್ನ ಬಾಯಿ ಮುಚ್ಚಿ ಹಿಡಿದಳು. ಅವಳ ಅಂಗೈ ಅರಿಸಿನ ನಾರುತ್ತಿತ್ತು.

“ಬಿಸಿಲು ಬಂದ್ರೆ ತೋರಿಸ್ತಿದ್ದೆ,” ಎಂದಳು ಚಿಗವ್ವ.

ಆ ದಿನ ಬಿಸಿಲು ಬರಲಿಲ್ಲ.

“ಗಿರಿಜಾ, ಹೇಳ್ತೀನಿ ಅಂದಿದ್ದೀಯಲ್ಲ,” ಎಂದ ಅವನು, ಕಾಲಿನ ಉಗುರಿನಿಂದ ಕೆಸರು ತೆಗೆಯುತ್ತಾ.

“ಮಾಡ್ಕೊಳ್ರಿ. ನನ್ನದೇನೂ ಅಡ್ಡಿಯಿಲ್ಲ ಅಂತ ಹಿರೇರಿಗೆ ಹೇಳ್ರಿ. ಆದ್ರೆ ನಾನು ಬರಾಕಿಲ್ಲ.”

ಅವ್ವ ಒಳಗಿಂದಲೇ ಕೂಗಿದಳು: “ಏನ್ ಮಾತಾಡ್ತೀಯೆ? ನಾಳೆ ನಮಗೆ ವರ್ಗ ಆದ್ರೆ ಎಲ್ಲಿಗ್ ಹೋಗ್ತೀಯ?”

“ನೀವು ಹೋದ ಕಡೆ, ಅಕ್ಕ. ಅಲ್ಲೂ ಒಂದು ಹಿತ್ಲು ಇರ್ತೈತಲ್ಲ.”

“ಇಲ್ಲೇನೈತೆ ನಿನಗೆ?” ಎಂದ ಕೊಟ್ರಪ್ಪ. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯದವನ ಹಾಗೆ. “ಹುಳ ಹುಪ್ಪಟೆ ನೋಡ್ಕೊಂತ ಕೂರ್ತೀಯಾ?”

“ಹೂಂ ರೀ. ಅವು ನನ್ನ ಏನೂ ಕೇಳಾಕಿಲ್ಲ.”

ಅವನು ಊಟ ಮಾಡಿ ಹೊರಟ. ಇಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಯಾರ ಮಾತೂ ಯಾರಿಗೂ ಹೊಂದುವುದಿಲ್ಲ. ಚಿಗವ್ವ ಬೀದಿಯ ತಿರುವಿನವರೆಗೆ ಹೋಗಿ ಮಳೆಯಲ್ಲಿ ನಿಂತು ಅತ್ತಳು ಎನ್ನುತ್ತಾಳೆ ಶಾರದಕ್ಕ. ಚಿಗವ್ವ ಎದ್ದು ಕೂಡ ನೋಡಲಿಲ್ಲ, ನನ್ನನ್ನು ಕರೆದು, ಚೆಲ್ಲಿದ ಅನ್ನಕ್ಕೆ ಇರುವೆ ಸಾಲು ಹಚ್ಚಿದ್ದನ್ನು ತೋರಿಸಿದಳು ಎಂದು ನನ್ನ ನೆನಪು. ಅವ್ವ ಇದ್ದಾಗ ಕೇಳಿದರೆ, “ಅಳೋದೂ ಇಲ್ಲ, ಗಿಳೋದೂ ಇಲ್ಲ. ಮುಸುರೆ ತಿಕ್ಕಿದ್ಲು,” ಎನ್ನುತ್ತಿದ್ದಳು. ಮೂವರೂ ಒಂದೇ ಜಗುಲಿಯಲ್ಲಿದ್ದೆವು. ಒಬ್ಬಳೇ ಹೆಂಗಸು ಒಂದೇ ಮಧ್ಯಾಹ್ನ ಈ ಮೂರನ್ನೂ ಮಾಡಿರಬಹುದು ಎಂದು ಈಚೆಗೆ ಅನ್ನಿಸುತ್ತಿದೆ. ಆದರೆ ಹಾಗೆ ಅನ್ನಿಸುವುದು ನನಗೆ ಅನುಕೂಲ, ಆದ್ದರಿಂದ ಅದನ್ನೂ ನಂಬುವುದಿಲ್ಲ.

ವರ್ಗವಾಯಿತು, ಅದೂ ಜಗಳೂರಿಗೆ! ಸೊಕ್ಕೆಯ ಜನ ಸಂತೆಗೆ ಬರುವ ಊರು. ಅವ್ವ ತಲೆಯ ಮೇಲೆ ಕೈಹೊತ್ತು ಕೂತಳು. ಚಿಗವ್ವ ಮಾತ್ರ ಟ್ರಂಕಿಗೆ ಹೀರೆಬೀಜ, ಅವರೆಬೀಜ ಕಟ್ಟಿಕೊಂಡಳು. ಜಗಳೂರಿನ ಮನೆಗೂ ಹಿತ್ತಿಲಿತ್ತು, ಆದರೆ ಅದು ಬರಿಯ ಗರಸು. ಗುದ್ದಲಿ ಹಾಕಿದರೆ ಕಿಡಿ ಹಾರುತ್ತಿತ್ತು. ಬೀಜ ಊರಿದಳು, ಒಣಗಿತು. ಮತ್ತೆ ಊರಿದಳು, ಮತ್ತೆ ಒಣಗಿತು. ಮಳೆ ಬಂದರೂ ನೀರು ಹಾಗೆಯೇ ಹರಿದುಹೋಗುತ್ತಿತ್ತು. ಕೂತು ನೋಡಲು ಒಂದೆರಡು ಚೇಳು ಬಿಟ್ಟರೆ ಏನೂ ಇರಲಿಲ್ಲ. ಅವಳು ತೆಳ್ಳಗಾದಳು. “ಸೊಕ್ಕೆಗೆ ಹೋಗಿಬಿಡೆ, ಇಲ್ಲೇ ಐತೆ,” ಎಂದು ಅವ್ವ ಅನ್ನತೊಡಗಿದಳು. ಕೊಟ್ರಪ್ಪನಿಗೆ ಅಷ್ಟರಲ್ಲಿ ಮದುವೆಯಾಗಿ ಗಂಡುಮಗು ಹುಟ್ಟಿತ್ತೆಂದು ಸಂತೆಯವರು ಹೇಳಿದ್ದರು. ಚಿಗವ್ವ ಹೋಗುವುದಿಲ್ಲ ಎಂದೂ ಅನ್ನಲಿಲ್ಲ. ಅದೇ ಅವ್ವನಿಗೆ ಹೆದರಿಕೆ.

ಒಂದು ಬೆಳಿಗ್ಗೆ ಮಳೆ ಬಿಟ್ಟ ಹೊತ್ತಿನಲ್ಲಿ ಹಿಂದಿನ ಓಣಿಯಲ್ಲಿ ಗಾಡಿ ನಿಂತ ಸದ್ದಾಯಿತು. ಕೊಟ್ರಪ್ಪ. ಗಾಡಿಯ ತುಂಬ ಕರೀ ಎರೆಮಣ್ಣು. ಯಾರನ್ನೂ ಕರೆಯಲಿಲ್ಲ. ಮೂಕಿ ಎತ್ತಿ ಗಾಡಿ ಹಿಂದಕ್ಕೆ ಬಾಗಿಸಿ ಮಣ್ಣನ್ನು ನಮ್ಮ ಹಿತ್ತಿಲಿಗೆ ಸುರಿದ. ಚಿಗವ್ವ ಬಾಗಿಲಲ್ಲಿ ನಿಂತು ನೋಡಿದಳು. ಅವನೂ ನೋಡಿದ. ಎತ್ತು ತಿರುಗಿಸಿಕೊಂಡು ಹೋದ.

ಅವಳು ಸೀರೆ ಮೇಲಕ್ಕೆ ಕಟ್ಟಿ, ಗುದ್ದಲಿ ತೆಗೆದುಕೊಂಡು, ಆ ಗುಡ್ಡೆಯನ್ನು ಒಬ್ಬಳೇ ಹರಡಿದಳು. ನಾವು ಕೈ ಹಚ್ಚಲು ಹೋದರೆ ಬಿಡಲಿಲ್ಲ. ಅಷ್ಟು ದೂರದಿಂದ ಮಣ್ಣು ಹೊತ್ತು ತಂದದ್ದು ಋಣವೋ, ನಾಚಿಕೆಯೋ, ಅಣಕವೋ, ಪ್ರೀತಿಯೋ ನನಗೆ ತಿಳಿಯದು. ಅವನಿಗಾದರೂ ತಿಳಿದಿತ್ತೋ ಇಲ್ಲವೋ.

“ಯಾಕಂತೆ?” ಎಂದಳು ಅವ್ವ, ಸೊಂಟದ ಮೇಲೆ ಕೈಯಿಟ್ಟು.

“ಕೇಳಲಿಲ್ಲ.”

“ಕೇಳಬೇಕಿತ್ತೇ ಗಿರಿಜಾ!”

ಚಿಗವ್ವ ಒಂದು ಹೆಂಟೆ ಎತ್ತಿ ಬೆರಳಲ್ಲಿ ಪುಡಿಮಾಡಿದಳು. “ಕೇಳಿದ್ರೆ ಹೇಳ್ತಿದ್ರು, ಅಕ್ಕ. ಹೇಳಿದ್ರೆ, ವಾಪಸ್ ತಗಂಡ್ ಹೋಗ್ರಿ ಅನ್ನಬೇಕಾಗ್ತಿತ್ತು.” ಪುಡಿಯನ್ನು ಮೂಸಿ ನೋಡಿ, ಗುದ್ದಲಿಯನ್ನು ಮತ್ತೆ ಎತ್ತಿಕೊಂಡಳು. “ಮಣ್ಣು ಚೆನ್ನಾಗೈತೆ.”